ಅಟ್ಟದ ಕಿಟಕಿಗೆ ಬಂದ ಲೈವ್ ಟಿವಿ: ಹೊಸನಗರ ತಾಲ್ಲೂಕಿನ ಒಂದು ಮನೆಯ ಪ್ರಕರಣ

2025ರ ಜೂನ್ 3ರ ರಾತ್ರಿ. ಅಹಮದಾಬಾದಿನಲ್ಲಿ ಆರ್‌ಸಿಬಿ ಮತ್ತು ಪಂಜಾಬ್ ನಡುವೆ ಐಪಿಎಲ್ ಫೈನಲ್ ನಡೆಯುತ್ತಿತ್ತು. ನಮ್ಮ ದೊಡ್ಡಪ್ಪನ ಮನೆ ಇರುವುದು ಹೊಸನಗರ ತಾಲ್ಲೂಕಿನಲ್ಲಿ, ನಗರ ಅನ್ನುವ ಊರಿನಿಂದ ಹುಲಿಕಲ್ ಕಡೆ ಹೋಗುವ ದಾರಿ ಬಿಟ್ಟು ಸ್ವಲ್ಪ ಒಳಗೆ. ಆ ಮನೆಯ ಜಗಲಿಯಲ್ಲಿ ಐದು ಜನ ಒಂದೇ ಫೋನಿನ ಸುತ್ತ ಕೂತಿದ್ದರು. ಕೊನೆಯ ಓವರ್ ಶುರುವಾಗುವ ಹೊತ್ತಿಗೆ ಆಟ ನಿಂತಿತು. ನಡುವೆ ಬಿಳಿ ಚಕ್ರ ತಿರುಗತೊಡಗಿತು. ಆಮೇಲೆ ಚಕ್ರವೂ ಹೋಯಿತು, ಪರದೆ ಕಪ್ಪಾಯಿತು. ಅಷ್ಟರಲ್ಲಿ ತೋಟದಾಚೆಯ ಮನೆಯಲ್ಲಿ ಪಟಾಕಿ ಸಿಡಿಯಿತು. 18 ವರ್ಷ ಕಾದಿದ್ದ ಕಪ್ ಬಂತು ಅಂತ ದೊಡ್ಡಪ್ಪನಿಗೆ ಗೊತ್ತಾಗಿದ್ದು ಆ ಸದ್ದಿನಿಂದ.

ಮಾರನೇ ದಿನ ನನಗೆ ಫೋನ್ ಮಾಡಿದರು. ‘ಎಂತ ಮಾರಾಯ ಇದು, ಡೇಟಾಕ್ಕೆ ದುಡ್ಡು ಹಾಕಿದ್ದೇನೆ, ಸಿಗ್ನಲ್ ಕಡ್ಡಿ ಎರಡು ತೋರಿಸ್ತದೆ, ಆದ್ರೂ ಹಿಂಗ್ಯಾಕೆ?’ ಅಂತ ಕೇಳಿದರು. ದನಿಯಲ್ಲಿ ಸಿಟ್ಟಿಗಿಂತ ಬೇಜಾರು ಜಾಸ್ತಿ ಇತ್ತು.

ನಾನು ಶಿವಮೊಗ್ಗದ ದುರ್ಗಿಗುಡಿ ಹತ್ತಿರ ಮೊಬೈಲ್ ರಿಪೇರಿ ಮಾಡುವವನು. ನನ್ನ ಹತ್ತಿರ ಬರುವವರಲ್ಲಿ ತುಂಬಾ ಜನ ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯವರು. ‘ವಿಡಿಯೋ ಸುಮ್ನೆ ತಿರುಗ್ತಾ ಇರ್ತದೆ, ಸರಿ ಮಾಡಿಕೊಡಿ’ ಅನ್ನುತ್ತಾರೆ. ಎಷ್ಟೋ ಸಲ ಫೋನಿನಲ್ಲಿ ಏನೂ ತೊಂದರೆ ಇರುವುದಿಲ್ಲ. ಅಂಗಡಿಯಲ್ಲಿ ಕೂತು ಊಹೆ ಮೇಲೆ ಏನೋ ಹೇಳಿ ಕಳಿಸಬೇಕಾಗುತ್ತದೆ. ಈ ಸಲ ಹಾಗಾಗಲಿಲ್ಲ. ಮನೆಗೇ ಹೋದೆ, ಅಳೆದೆ, ನಾಲ್ಕು ತಿಂಗಳು ನೋಡಿದೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಮನೆ ಮತ್ತು ಮನೆಯವರು

ಹಳೇ ಹಂಚಿನ ಮನೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಮೂರು ಕಡೆ ಗುಡ್ಡ, ಎದುರಿಗೆ ತಗ್ಗಿನಲ್ಲಿ ಅಡಿಕೆ ತೋಟ. ದೊಡ್ಡಪ್ಪನಿಗೆ 76 ವರ್ಷ, ಮಂಡಿ ನೋವು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ಸಂಜೆ ಏಳರ ಮೇಲೆ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೇ. ಆಗ ಟಿವಿಯೇ ಜತೆ.

ದೊಡ್ಡಪ್ಪನಿಗೆ ಚಂದನ ವಾಹಿನಿಯ ವಾರ್ತೆ ಬೇಕು. ಅದಕ್ಕಿಂತ ಜಾಸ್ತಿ ಬೇಕಾದ್ದು ‘ಥಟ್ ಅಂತ ಹೇಳಿ’. ಪ್ರಶ್ನೆ ಮುಗಿಯುವ ಮೊದಲೇ ಇವರು ಉತ್ತರ ಹೇಳುತ್ತಾರೆ. ಸರಿಯಾದಾಗಲೆಲ್ಲ ದೊಡ್ಡಮ್ಮ ಮಡಿಲಲ್ಲಿರುವ ತಟ್ಟೆಗೆ ಒಂದು ಅಡಿಕೆ ಹಾಕುತ್ತಾರೆ. ಕೊನೆಗೆ ಇಬ್ಬರೂ ಕೂತು ಎಣಿಸುತ್ತಾರೆ. ಇದು ಎಷ್ಟೋ ವರ್ಷದಿಂದ ನಡೆದುಕೊಂಡು ಬಂದಿದೆ.

ಮೇ ತಿಂಗಳಲ್ಲಿ ಸಿಡಿಲಿಗೆ ಡಿಶ್ ಬಾಕ್ಸ್ ಸುಟ್ಟುಹೋಯಿತು. ಅವತ್ತು ವೈರ್ ತೆಗೆದಿಡುವುದು ಮರೆತಿತ್ತಂತೆ. ಹೊಸ ಬಾಕ್ಸ್ ಬರುವವರೆಗೆ ಫೋನಲ್ಲೇ ನೋಡೋಣ ಅಂದುಕೊಂಡರು. ಹೊಸ ಬಾಕ್ಸ್ ಬಂದರೂ ಮಳೆಗಾಲದ ಪಾಡು ತಪ್ಪಿದ್ದಲ್ಲ. ಡಿಶ್‌ಗೆ ಬರುವ ತರಂಗ ದಪ್ಪ ಮಳೆಯಲ್ಲಿ ಸೊರಗುತ್ತದೆ. ನಮ್ಮ ಕಡೆ ಜುಲೈಯಲ್ಲಿ ಮಳೆ ಹಿಡಿದರೆ ‘ಸಿಗ್ನಲ್ ಇಲ್ಲ’ ಅನ್ನುವ ನೀಲಿ ಪರದೆಯನ್ನೇ ಎಷ್ಟೋ ಸಂಜೆ ನೋಡಬೇಕು. ಆಗುಂಬೆ, ಹುಲಿಕಲ್ ಸೀಮೆಯಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ ಅಲ್ವಾ.

ಹಾಗಾಗಿ ಮೊಬೈಲ್ ಡೇಟಾದಲ್ಲಿ ಟಿವಿ ಸಿಗುವುದು ಈ ಮನೆಗೆ ನಿಜವಾದ ಅಗತ್ಯ.

ಮೊದಲು ಕಂಡಿದ್ದು ಕಳ್ಳ ಆ್ಯಪ್

ಜೂನ್ ಎರಡನೇ ಭಾನುವಾರ ಹೋದೆ. ದೊಡ್ಡಮ್ಮ ಕೊಟ್ಟ ಕಾಫಿ ಕುಡಿಯುತ್ತಾ ಫೋನ್ ತೆರೆದೆ. ಫೈನಲ್ ನೋಡಿದ ಆ್ಯಪ್ ಪ್ಲೇ ಸ್ಟೋರಿನದಲ್ಲ. ರಜೆಗೆ ಬಂದಿದ್ದ ಮೊಮ್ಮಗ ಟೆಲಿಗ್ರಾಂ ಗುಂಪೊಂದರಿಂದ ಎಪಿಕೆ ಫೈಲ್ (ಪ್ಲೇ ಸ್ಟೋರ್ ಇಲ್ಲದೆ ನೇರ ಹಾಕುವ ಆ್ಯಪ್ ಫೈಲ್) ಇಳಿಸಿ ಹಾಕಿಕೊಟ್ಟಿದ್ದ. ಎಲ್ಲಾ ಚಾನೆಲ್ ಫ್ರೀ ಅಂತ. ಹುಡುಗ ಅಜ್ಜನ ಮೇಲಿನ ಪ್ರೀತಿಯಿಂದಲೇ ಮಾಡಿದ್ದು, ಅದರಲ್ಲಿ ಅನುಮಾನ ಇಲ್ಲ.

ಆದರೆ ಆ ಆ್ಯಪ್‌ಗೆ ಏನೇನು ಅನುಮತಿ ಕೊಟ್ಟಿದೆ ಅಂತ ನೋಡಿದಾಗ ನನ್ನ ಕೈ ಒಂದು ಕ್ಷಣ ನಿಂತಿತು. ಎಸ್‌ಎಂಎಸ್ ಓದಬಹುದು. ಕಾಂಟ್ಯಾಕ್ಟ್ ನೋಡಬಹುದು. ಬೇರೆ ಆ್ಯಪ್‌ಗಳ ಮೇಲೆ ತನ್ನ ಕಿಟಕಿ ತೆರೆಯಬಹುದು. ಟಿವಿ ತೋರಿಸುವ ಆ್ಯಪ್‌ಗೆ ಎಸ್‌ಎಂಎಸ್ ಯಾಕೆ ಬೇಕು? ಬ್ಯಾಂಕಿನ ಒಟಿಪಿ ಬರುವುದು ಅಲ್ಲಿಗೇ. ಅಡಿಕೆ ಮಾರಿದ ದುಡ್ಡು ಬೀಳುವ ಖಾತೆ ಇದೇ ನಂಬರಿಗೆ ಜೋಡಿಸಿದೆ.

‘ದೊಡ್ಡಪ್ಪ, ಇದನ್ನ ಈಗಲೇ ತೆಗೀತೇನೆ’ ಅಂದೆ.

‘ತೆಗಿ. ಆದ್ರೆ ಮತ್ತೆ ಟಿವಿ ಎಲ್ಲಿಂದ ತರ್ತೀಯ?’

ತೆಗೆದೆ. ‘ಗೊತ್ತಿಲ್ಲದ ಮೂಲದಿಂದ ಆ್ಯಪ್ ಹಾಕಬಹುದು’ ಅನ್ನುವ ಅನುಮತಿ ಮುಚ್ಚಿದೆ. ಕೆಟ್ಟ ಆ್ಯಪ್ ಹುಡುಕುವ ಪ್ಲೇ ಪ್ರೊಟೆಕ್ಟ್ ಸ್ಕ್ಯಾನ್ ಹಾಕಿದೆ. ಯುಪಿಐ ಪಿನ್ ಬದಲಿಸಿದೆವು. ವಾಟ್ಸಾಪಿನಲ್ಲಿ ಬೇರೆ ಯಾವುದಾದರೂ ಸಾಧನ ಲಿಂಕ್ ಆಗಿದೆಯಾ ಅಂತ ನೋಡಿದೆ. ಸೋಮವಾರ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದರು. ದುಡ್ಡು ಹೋಗಿರಲಿಲ್ಲ. ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು ಅಂತ ಹೇಳಿ, ಆ ನಂಬರನ್ನು ಗೋಡೆಯ ಕ್ಯಾಲೆಂಡರ್ ಮೇಲೆ ದೊಡ್ಡದಾಗಿ ಬರೆದಿಟ್ಟೆ.

ಕಾನೂನಿನ ಮಾತೂ ಇದೆ. 1957ರ ಕಾಪಿರೈಟ್ ಕಾಯ್ದೆಯ 37ನೇ ಸೆಕ್ಷನ್ ಪ್ರಸಾರ ಸಂಸ್ಥೆಗೆ ತನ್ನ ಪ್ರಸಾರದ ಮೇಲೆ ಹಕ್ಕು ಕೊಡುತ್ತದೆ. ಅನುಮತಿ ಇಲ್ಲದೆ ಅದನ್ನು ಮರುಪ್ರಸಾರ ಮಾಡಿದರೆ 63ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇದೆ. ಕೋರ್ಟ್ ಆದೇಶ ಪಡೆದು ಪಂದ್ಯ ನಡೆಯುವಾಗಲೇ ಇಂಥ ಕೊಂಡಿಗಳನ್ನು ಬ್ಲಾಕ್ ಮಾಡಿಸುವ ವ್ಯವಸ್ಥೆಯೂ ಈಗ ಇದೆ. ಇನ್ನೊಂದು ಕಾರಣ ತಾಂತ್ರಿಕ. 2023ರ ವಿಶ್ವಕಪ್ ಫೈನಲನ್ನು ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡಿದ್ದರು. ಅಷ್ಟು ಜನಕ್ಕೆ ಕೊಡಬೇಕಾದರೆ ದೇಶದ ಉದ್ದಗಲಕ್ಕೂ ಸರ್ವರ್ ಇಟ್ಟಿರಬೇಕು. ಕಳ್ಳ ಆ್ಯಪ್‌ನವರಿಗೆ ಅದೆಲ್ಲಿಂದ ಬರಬೇಕು? ರೋಚಕ ಘಟ್ಟದಲ್ಲಿ ಜನ ಮುಗಿಬೀಳುತ್ತಾರೆ, ಸರ್ವರ್ ಮಲಗುತ್ತದೆ. ಆ ರಾತ್ರಿ ಪರದೆ ಕಪ್ಪಾಗಿದ್ದು ಇವೆರಡರಲ್ಲಿ ಒಂದರಿಂದ ಅಂತ ನನ್ನ ಅಂದಾಜು. ಕಾನೂನಿನ ದಾರಿ ಹಿಡಿಯುವುದೂ ತಡೆಯಿಲ್ಲದೆ ನೋಡುವುದೂ ಬೇರೆ ಬೇರೆ ವಿಷಯ ಅಂತ ಮೊದಲು ನಾನೂ ಅಂದುಕೊಂಡಿದ್ದೆ. ಈ ಮನೆಯಲ್ಲಿ ಎರಡೂ ಒಂದೇ ಗಂಟಿನಲ್ಲಿದ್ದವು.

ಚಂದನಕ್ಕೆ ಇದೆಲ್ಲ ಬೇಕಾಗೇ ಇರಲಿಲ್ಲ. ಡಿಡಿ ಚಂದನದ ಅಧಿಕೃತ ಯೂಟ್ಯೂಬ್ ಚಾನೆಲ್ ಇದೆ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ಶುರು ಮಾಡಿದ ‘ವೇವ್ಸ್’ ಆ್ಯಪ್‌ನಲ್ಲಿ ದೂರದರ್ಶನದ ಚಾನೆಲ್‌ಗಳು ಲೈವ್ ಬರುತ್ತವೆ. ಕನ್ನಡದ ದೊಡ್ಡ ನ್ಯೂಸ್ ಚಾನೆಲ್‌ಗಳು ತಾವೇ ಯೂಟ್ಯೂಬಿನಲ್ಲಿ ಪುಕ್ಕಟೆ ಲೈವ್ ಕೊಡುತ್ತವೆ. ಹೆಸರಿನ ಪಕ್ಕ ಟಿಕ್ ಗುರುತು ಇದೆಯಾ ಅಂತ ನೋಡಿಕೊಂಡರೆ ಸಾಕು. ಇಷ್ಟು ಹೇಳುವವರು ಯಾರೂ ಇಲ್ಲದೆ ಹಿರಿಯರು ಕಳ್ಳದಾರಿಗೆ ಬೀಳುತ್ತಾರೆ. ಅದು ನನಗೆ ಬಹಳ ನೋವಿನ ಸಂಗತಿ.

ಕಡ್ಡಿ ಎರಡಿದ್ದರೂ ಯಾಕೆ ನಿಲ್ಲುತ್ತದೆ

ಅವತ್ತು ರಾತ್ರಿ ಅಲ್ಲೇ ಉಳಿದೆ. ತೊಂದರೆ ಬರುವುದು ರಾತ್ರಿ, ಹಗಲಲ್ಲಿ ಅಳೆದರೆ ಪ್ರಯೋಜನ ಇಲ್ಲ. ಎಂಟು ಗಂಟೆಗೆ ಯೂಟ್ಯೂಬಿನಲ್ಲಿ ಚಂದನ ಹಾಕಿದೆವು. ಎರಡು ನಿಮಿಷ ಓಡಿತು, ನಿಂತಿತು. ಮತ್ತೆ ಓಡಿತು, ನಿಂತಿತು.

ಫೋನಿನ ಕಡ್ಡಿಗಳನ್ನು ನಂಬಬಾರದು. ಸೆಟ್ಟಿಂಗ್ಸ್‌ನಲ್ಲಿ ‘ಫೋನ್ ಬಗ್ಗೆ’ ಅನ್ನುವ ಕಡೆ ಸಿಮ್ ಸ್ಥಿತಿ ಒತ್ತಿದರೆ ಸಿಗ್ನಲ್ ಎಷ್ಟು ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ಅಂತ ಬರುತ್ತದೆ. ಸಂಖ್ಯೆ ಮೈನಸ್‌ನಲ್ಲಿರುತ್ತದೆ. ಮೈನಸ್ 80, 90 ಇದ್ದರೆ ಚೆನ್ನ. 100 ದಾಟಿದರೆ ಕಷ್ಟ ಶುರು. 115 ದಾಟಿದರೆ ವಿಡಿಯೋ ಆಸೆ ಬಿಡಬೇಕು. ಫೋನ್ ಹಿಡಿದು ಮನೆಯಿಡೀ ತಿರುಗಿದೆ. ದೊಡ್ಡಪ್ಪ ಟಾರ್ಚ್ ಹಿಡಿದು ಹಿಂದೆ ಬಂದರು. ಅಡುಗೆಮನೆಯಲ್ಲಿ ಮೈನಸ್ 119. ಟಿವಿ ಇರುವ ನಡುಮನೆಯಲ್ಲಿ 117. ಜಗಲಿಯಲ್ಲಿ 111. ಅಂಗಳದ ತುಳಸಿಕಟ್ಟೆ ಹತ್ತಿರ 106. ಅಟ್ಟಕ್ಕೆ ಹತ್ತಿ, ಅಡಿಕೆ ಚೀಲ ಸರಿಸಿ, ಪೂರ್ವದ ಸಣ್ಣ ಕಿಟಕಿಯ ಹೊಸ್ತಿಲಲ್ಲಿ ಇಟ್ಟಾಗ 98.

‘ಟವರ್ ಆ ದಿಕ್ಕಿಗೇ ಇರೋದು. ಗುಡ್ಡದ ಬಾಯಿ ತೆರೆದಿರೋದು ಅಲ್ಲೊಂದೇ’ ಅಂತ ದೊಡ್ಡಪ್ಪ ಕೆಳಗಿಂದ ಕೂಗಿ ಹೇಳಿದರು. 76 ವರ್ಷ ಆ ಗುಡ್ಡ ನೋಡಿದವರಿಗೆ ಗೊತ್ತಿರುವುದು ನನ್ನ ಫೋನಿಗೆ ಆಮೇಲೆ ಗೊತ್ತಾಯಿತು.

98ಕ್ಕೂ 117ಕ್ಕೂ ನಡುವೆ 19 ಅಂಕಿ. ಸಣ್ಣದು ಅನ್ನಿಸಬಹುದು. ಈ ಲೆಕ್ಕದಲ್ಲಿ ಪ್ರತಿ 10 ಅಂಕಿಗೆ ಶಕ್ತಿ ಹತ್ತು ಪಟ್ಟು. ಅಂದರೆ ಅಟ್ಟದ ಕಿಟಕಿಗೆ ನಡುಮನೆಗಿಂತ ಸುಮಾರು 80 ಪಟ್ಟು ಜಾಸ್ತಿ ಸಿಗ್ನಲ್ ಬರುತ್ತಿತ್ತು. ಮಣ್ಣಿನ ಗೋಡೆ, ಒದ್ದೆ ಹಂಚು, ಮಳೆನೀರು ಹೊತ್ತ ಎಲೆ ಎಲ್ಲವೂ ತರಂಗವನ್ನು ತಿನ್ನುತ್ತವೆ. ನಡುಮನೆಯಲ್ಲಿ ಇನ್ನೂ ಒಂದು ತೊಂದರೆ ಇತ್ತು. ಸಿಗ್ನಲ್ ಕುಸಿದಾಗ ಫೋನ್ 4ಜಿ ಬಿಟ್ಟು 2ಜಿಗೆ ಜಾರುತ್ತಿತ್ತು. ಮತ್ತೆ ಹತ್ತಿಕೊಳ್ಳಲು ಅರ್ಧ ನಿಮಿಷ. ಆ ಅರ್ಧ ನಿಮಿಷವೇ ದೊಡ್ಡಪ್ಪ ನೋಡುತ್ತಿದ್ದ ಬಿಳಿ ಚಕ್ರ.

ಎರಡನೇ ಕಾರಣ ಡೇಟಾ ಲೆಕ್ಕದಲ್ಲಿತ್ತು. ದಿನಕ್ಕೆ 1.5 ಜಿಬಿ ಪ್ಲಾನ್. ಸೆಕೆಂಡಿಗೆ 1 ಮೆಗಾಬಿಟ್ ಹರಿದರೆ ಗಂಟೆಗೆ 450 ಎಂಬಿ ಆಗುತ್ತದೆ. 720ಪಿ ಗುಣಮಟ್ಟದ ಲೈವ್‌ಗೆ ಗಂಟೆಗೆ 1 ಜಿಬಿ ದಾಟುತ್ತದೆ. 360ಪಿ ಆದರೆ ಸುಮಾರು 300 ಎಂಬಿ. ಇವರ ಫೋನ್ ‘ಆಟೋ’ದಲ್ಲಿತ್ತು. ಸ್ವಲ್ಪ ಸಿಗ್ನಲ್ ಸಿಕ್ಕ ಕೂಡಲೇ 720ಕ್ಕೆ ಹಾರುತ್ತಿತ್ತು. ಬೆಳಿಗ್ಗೆಯಿಂದ ವಾಟ್ಸಾಪಿನಲ್ಲಿ ಬಂದ ವಿಡಿಯೋಗಳು ತಾವಾಗಿ ಇಳಿಯುತ್ತಿದ್ದವು. ರಾತ್ರಿ ಎಂಟೂವರೆಗೆ ದಿನದ ಪಾಲು ಮುಗಿಯುತ್ತಿತ್ತು. ಮುಗಿದ ಮೇಲೆ ವೇಗ 64 ಕೆಬಿಪಿಎಸ್. ಅದರಲ್ಲಿ ಮಾತು ಕೇಳಬಹುದು, ಚಿತ್ರ ಬರುವುದಿಲ್ಲ.

ಮೂರನೆಯದು, ಸಂಜೆಯ ಜನ. ಬೆಳಿಗ್ಗೆ ಆರಕ್ಕೆ ಅಟ್ಟದ ಕಿಟಕಿಯಲ್ಲಿ 9 ಎಂಬಿಪಿಎಸ್ (ಸೆಕೆಂಡಿಗೆ 9 ಮೆಗಾಬಿಟ್) ಬಂತು. ರಾತ್ರಿ ಎಂಟೂವರೆಗೆ ಅದೇ ಜಾಗದಲ್ಲಿ ಒಮ್ಮೆ 3, ಒಮ್ಮೆ 1, ಒಮ್ಮೆ 0.4. ಸುತ್ತಲಿನ ಹಳ್ಳಿಗಳಿಗೆಲ್ಲ ಒಂದೇ ಟವರ್, ಎಲ್ಲರೂ ನೋಡುವುದು ಅದೇ ಹೊತ್ತಿಗೆ. ಇದಕ್ಕೆ ನಾವು ಮಾಡುವಂಥದ್ದು ಏನಿಲ್ಲ, 0.4 ಇದ್ದಾಗಲೂ ನಿಲ್ಲದ ಹಾಗೆ ನೋಡಿಕೊಳ್ಳಬಹುದು ಅಷ್ಟೇ.

ತೊಟ್ಟಿಯ ಲೆಕ್ಕ

ದೊಡ್ಡಪ್ಪ ಒಂದು ಒಳ್ಳೆ ಪ್ರಶ್ನೆ ಕೇಳಿದರು. ‘ಹಳೇ ನಾಟಕ, ಯಕ್ಷಗಾನ ಹಾಕಿದ್ರೆ ಇದೇ ಫೋನಲ್ಲಿ ಚೆನ್ನಾಗೇ ಬರ್ತದಲ್ಲ? ಲೈವ್ ಮಾತ್ರ ಯಾಕೆ ನಿಲ್ತದೆ?’

ಅವರ ಮನೆಗೆ ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ಬರುತ್ತದೆ, ಹಿತ್ತಲಲ್ಲಿ ತೊಟ್ಟಿ ಇದೆ. ಅದನ್ನೇ ತೋರಿಸಿ ಹೇಳಿದೆ. ಇಂಟರ್ನೆಟ್ಟಿನಲ್ಲಿ ವಿಡಿಯೋ ಒಂದೇ ಧಾರೆಯಾಗಿ ಬರುವುದಿಲ್ಲ. ಕೆಲವೇ ಸೆಕೆಂಡಿನ ತುಂಡು ತುಂಡಾಗಿ ಬರುತ್ತದೆ. ಪ್ರತಿ ತುಂಡೂ ಸರ್ವರ್‌ನಲ್ಲಿ ನಾಲ್ಕೈದು ಗುಣಮಟ್ಟದಲ್ಲಿ ತಯಾರಿರುತ್ತದೆ. ಪೈಪ್ ಹರಿವು ನೋಡಿ ಫೋನ್ ಒಂದನ್ನು ಕೇಳಿ ತರಿಸಿಕೊಳ್ಳುತ್ತದೆ. ಯಕ್ಷಗಾನದ ಹಳೇ ವಿಡಿಯೋ ಆದರೆ ಮುಂದಿನ ತುಂಡುಗಳು ಅಲ್ಲೇ ಇವೆ. ಹರಿವು ಚೆನ್ನಾಗಿದ್ದಾಗ ನಾಲ್ಕಾರು ತುಂಡು ಮೊದಲೇ ತಂದು ತೊಟ್ಟಿ ತುಂಬಿಕೊಳ್ಳುತ್ತದೆ. ಆಮೇಲೆ ಪೈಪ್ ಸಣ್ಣಗಾದರೂ ತೊಟ್ಟಿಯ ನೀರು ನಡೆಸುತ್ತದೆ. ಲೈವ್‌ನಲ್ಲಿ ಮುಂದಿನ ತುಂಡು ಇನ್ನೂ ಹುಟ್ಟೇ ಇಲ್ಲ. ತುಂಬಿಕೊಳ್ಳುವುದು ಎಲ್ಲಿಂದ?

ಅವರು ತೊಟ್ಟಿ ಕಡೆ ನೋಡಿದರು. ‘ಅಂದ್ರೆ ಅಬ್ಬಿ ಬುಡಕ್ಕೇ ಚೊಂಬು ಹಿಡಿದ ಹಾಗೆ ಅನ್ನು. ಧಾರೆ ನಿಂತ್ರೆ ಕುಡಿಯೋದೂ ನಿಂತ್ತು.’

ಹೌದು, ಅಷ್ಟೇ. ಇದಕ್ಕೊಂದು ಉಪಾಯ ಇದೆ, ಖರ್ಚಿಲ್ಲದ್ದು. ಹಿಂದೆ ಸರಿಸಿ ನೋಡಲು ಬಿಡುವ ಲೈವ್ ಆದರೆ, ಶುರುವಾದ ಕೂಡಲೇ ಪಾಸ್ (ಚಿತ್ರ ತಡೆದು ನಿಲ್ಲಿಸುವ ಗುಂಡಿ) ಒತ್ತಿ ಒಂದು ನಿಮಿಷ ಬಿಡಬೇಕು. ಆಮೇಲೆ ಪ್ಲೇ ಒತ್ತಬೇಕು. ಈಗ ನಾವು ಒಂದು ನಿಮಿಷ ಹಿಂದೆ ಇದ್ದೇವೆ. ಆ ಒಂದು ನಿಮಿಷದ ತುಂಡುಗಳು ಹುಟ್ಟಿ ಸರ್ವರ್‌ನಲ್ಲಿ ಕೂತಿವೆ. ಫೋನಿಗೆ ತುಂಬಿಕೊಳ್ಳಲು ಸಣ್ಣ ತೊಟ್ಟಿ ಸಿಕ್ಕಿತು. ‘ಲೈವ್‌ಗೆ ಹೋಗಿ’ ಅನ್ನುವ ಕೆಂಪು ಗುರುತನ್ನು ಮಾತ್ರ ಒತ್ತಬಾರದು. ಒತ್ತಿದರೆ ತೊಟ್ಟಿ ಖಾಲಿ.

ಅವತ್ತೇ ರಾತ್ರಿ ಅಟ್ಟದ ಕಿಟಕಿ ಪಕ್ಕ, ಗುಣಮಟ್ಟ 360ಪಿಗೆ ಕಟ್ಟಿ, ಒಂದು ನಿಮಿಷ ಪಾಸ್ ಮಾಡಿ ಹಾಕಿದೆವು. ಅರ್ಧ ಗಂಟೆಯಲ್ಲಿ ಒಂದೇ ಸಲ ನಿಂತಿತು. ಆರು ಇಂಚಿನ ಪರದೆಗೆ 360ಪಿ ಸಾಕು. ಅಕ್ಷರ ಚೆನ್ನಾಗಿ ಓದಬಹುದು. ಆಗಾಗ ನಿಲ್ಲುವ ಎಚ್‌ಡಿಗಿಂತ ನಿಲ್ಲದೆ ಓಡುವ 360ಪಿ ಎಷ್ಟೋ ಪಾಲು ಮೇಲು ಅಂತ ನಾನು ಅಂಗಡಿಯಲ್ಲಿ ಎಲ್ಲರಿಗೂ ಹೇಳುತ್ತೇನೆ. ಸ್ಪೀಡ್ ಟೆಸ್ಟ್‌ನ ದೊಡ್ಡ ಅಂಕಿಗೂ ಇದಕ್ಕೂ ಸಂಬಂಧ ಕಡಿಮೆ. ಲೈವ್‌ಗೆ ಬೇಕಾದ್ದು ಒಂದೇ ಸಮನೆ ಬರುವ ಸಣ್ಣ ಧಾರೆ.

ಆದರೆ ಮಂಡಿ ನೋವಿರುವ ದೊಡ್ಡಪ್ಪ ದಿನಾ ಅಟ್ಟ ಹತ್ತುವುದು ಸಾಧ್ಯವಿಲ್ಲ.

ಕಿಟಕಿಯ ಸಿಗ್ನಲ್ ಕೆಳಗೆ ತಂದದ್ದು

ಮೊದಲು ಮನೆಯಲ್ಲಿದ್ದ ಹಳೇ ಫೋನಿಗೆ ಸಿಮ್ ಹಾಕಿ, ಹಾಟ್‌ಸ್ಪಾಟ್ ಆನ್ ಮಾಡಿ ಕಿಟಕಿಯಲ್ಲಿ ಇಟ್ಟೆವು. ನಾಲ್ಕು ದಿನ ಚೆನ್ನಾಗಿ ನಡೆಯಿತು. ಸದಾ ಚಾರ್ಜ್‌ನಲ್ಲಿ ಇಟ್ಟಿದ್ದಕ್ಕೆ ಬ್ಯಾಟರಿ ಉಬ್ಬತೊಡಗಿತು. ದೊಡ್ಡಮ್ಮ ನೋಡಿ ಹೇಳಿದ್ದು ಒಳ್ಳೆಯದಾಯಿತು. ಕೆಳಗೆ ಅಡಿಕೆ ಚೀಲ, ಮೇಲೆ ಮರದ ಜಂತಿ. ಇಂಥ ಕಡೆ ಹಳೇ ಫೋನ್ ಹೀಗೆ ಬಿಡಲೇಬಾರದು. ಆ ಉಪಾಯ ಅಲ್ಲಿಗೇ ನಿಲ್ಲಿಸಿದೆ.

ಆಮೇಲೆ ಸಿಮ್ ಹಾಕುವ 4ಜಿ ರೌಟರ್ ತಂದೆ. ಸುಮಾರು 2,800 ರೂಪಾಯಿ. ಎರಡು ಉದ್ದ ಆಂಟೆನಾ ಇರುವಂಥದ್ದು. ಕರೆಂಟ್ ಹೋದಾಗ ನಡೆಸಲು 12 ವೋಲ್ಟಿನ ಮಿನಿ ಯುಪಿಎಸ್, ಸುಮಾರು 1,300. ಸಿಮ್ ಆರಿಸಲು ಎರಡು ಕಂಪನಿಯ ಸಿಮ್ ಹಾಕಿ ರಾತ್ರಿ ಹೊತ್ತು ನೋಡಿದೆ. ಒಂದರಲ್ಲಿ ಸಿಗ್ನಲ್ ಚೆನ್ನಾಗಿತ್ತು, ರಾತ್ರಿ ವೇಗ ಕುಸಿಯುತ್ತಿತ್ತು. ಇನ್ನೊಂದರಲ್ಲಿ ಸಿಗ್ನಲ್ ಸ್ವಲ್ಪ ಕಡಿಮೆ, ಆದರೆ ಧಾರೆ ಸಮ. ಎರಡನೆಯದನ್ನು ಇಟ್ಟುಕೊಂಡೆವು. ಯಾವ ಕಂಪನಿ ಅಂತ ಹೇಳಿ ಪ್ರಯೋಜನ ಇಲ್ಲ, ಪಕ್ಕದ ಗುಡ್ಡದಾಚೆ ಉತ್ತರ ತಿರುವುಮುರುವು ಆಗಬಹುದು. 850, 900ರಂಥ ಕೆಳಗಿನ ಮೆಗಾಹರ್ಟ್ಸ್ ಬ್ಯಾಂಡುಗಳು (ಟವರ್ ಬಳಸುವ ತರಂಗಗಳ ಗುಂಪು) ಗುಡ್ಡ ಕಾಡು ದಾಟಿ ದೂರ ಬರುತ್ತವೆ. 2300ರಂಥವು ವೇಗ ಕೊಡುತ್ತವೆ, ಆದರೆ ಟವರ್ ಹತ್ತಿರ ಇರಬೇಕು. ನಮ್ಮ ಕಣಿವೆಗೆ ಯಾವುದು ಇಳಿಯುತ್ತದೆ ಅಂತ ಅಲ್ಲೇ ಸಿಮ್ ಹಾಕಿ ನೋಡಬೇಕು. ಮುಂಚೆ ನೋಡಿ ಕೈಬಿಟ್ಟವರೂ ಮತ್ತೊಮ್ಮೆ ನೋಡುವುದು ಒಳ್ಳೆಯದು. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯೇ ದೇಶಾದ್ಯಂತ ಅಧಿಕೃತವಾಗಿ ಶುರುವಾಗಿದ್ದು 2025ರ ಸೆಪ್ಟೆಂಬರ್ 27ಕ್ಕೆ.

ರೌಟರ್‌ನ ವೈಫೈಯನ್ನು 2.4 ಗಿಗಾಹರ್ಟ್ಸ್‌ಗೆ ಇಟ್ಟೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಮಣ್ಣಿನ ಗೋಡೆ ದಾಟಿ ನಡುಮನೆಗೆ ಬರುವಷ್ಟರಲ್ಲಿ ಸತ್ತುಹೋಗುತ್ತದೆ. ರೌಟರ್ ಒಳಗೆ ‘4ಜಿ ಮಾತ್ರ’ ಅಂತ ಕಟ್ಟಿದೆ, 2ಜಿಗೆ ಜಾರುವುದು ತಪ್ಪಿತು. ಫೋನಿನಲ್ಲೇ ಹೀಗೆ ಮಾಡುವವರು ಮೊದಲು ವೋಲ್ಟ್‌ಇ (4ಜಿ ಮೇಲೇ ಕರೆ ಮಾಡುವ ವ್ಯವಸ್ಥೆ) ಆನ್ ಇದೆಯಾ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಕರೆ ಬರುವುದೇ ನಿಂತುಹೋಗುತ್ತದೆ.

ಎಲ್ಲ ಸರಿಯಾಯಿತು ಅಂತ ಶಿವಮೊಗ್ಗಕ್ಕೆ ಬಂದೆ. ಎರಡೇ ದಿನಕ್ಕೆ ಫೋನ್. ಮಧ್ಯಾಹ್ನ ಮೂರಕ್ಕೇ ಡೇಟಾ ಖಾಲಿ!

ಇದು ನಾನು ಮೊದಲೇ ಯೋಚಿಸಬೇಕಿದ್ದ ವಿಷಯ. ರೌಟರ್‌ನಿಂದ ಬಂದರೆ ಫೋನ್ ಅದನ್ನು ವೈಫೈ ಅನ್ನುತ್ತದೆ. ವೈಫೈ ಅಂದರೆ ಲೆಕ್ಕವಿಲ್ಲದ ಡೇಟಾ ಅಂತ ಆ್ಯಪ್‌ಗಳ ನಂಬಿಕೆ. ಮೊಬೈಲ್ ಡೇಟಾಕ್ಕೆ ಅಂತ ಹಾಕಿದ್ದ ಕಡಿವಾಣ ಒಂದೂ ಕೆಲಸ ಮಾಡಲಿಲ್ಲ. ಪ್ಲೇ ಸ್ಟೋರ್ ಅಪ್‌ಡೇಟ್, ಫೋಟೋ ಬ್ಯಾಕಪ್, ವಾಟ್ಸಾಪ್ ವಿಡಿಯೋ, ಎಲ್ಲಾ ಒಟ್ಟಿಗೆ ಹೊರಟಿದ್ದವು. ವೈಫೈ ಹೆಸರಿನ ಮೇಲೆ ಒತ್ತಿ, ‘ನೆಟ್‌ವರ್ಕ್ ಬಳಕೆ’ಯಲ್ಲಿ ‘ಮೀಟರ್ಡ್’ (ಲೆಕ್ಕವಿಟ್ಟು ಬಳಸುವ ಡೇಟಾ) ಆರಿಸಬೇಕು. ಯೂಟ್ಯೂಬಿನ ಸೆಟ್ಟಿಂಗ್‌ನಲ್ಲಿ ವೈಫೈಗೂ ಡೇಟಾ ಸೇವರ್ ಹಾಕಬೇಕು. ವಾಟ್ಸಾಪಿನಲ್ಲಿ ತಾನಾಗಿ ಇಳಿಸುವುದನ್ನು ನಿಲ್ಲಿಸಬೇಕು. ಫೋನಲ್ಲೇ ಒಂದೊಂದಾಗಿ ಹೇಳಿ ಮಾಡಿಸಿದೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ತಾಳ್ಮೆಯಿಂದ ಪೂರ್ತಿ ಮಾಡಿದರು. ಅವತ್ತಿಂದ ದಿನಕ್ಕೆ ಎರಡು ಗಂಟೆ ನೋಡಿದರೂ 700 ಎಂಬಿ ದಾಟುತ್ತಿಲ್ಲ.

ಏನೇನು ಎಲ್ಲಿ ಸಿಗುತ್ತದೆ, ಏನು ಸಿಗುವುದಿಲ್ಲ

ದೊಡ್ಡಮ್ಮನ ಧಾರಾವಾಹಿಗಳಿಗೆ ಬೇರೆ ದಾರಿ ಹಿಡಿದೆವು. ಜೀ ಕನ್ನಡದ್ದು ಜೀ5ರಲ್ಲಿ, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದ್ದು ಜಿಯೋಹಾಟ್‌ಸ್ಟಾರ್‌ನಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ. ಮೂರಕ್ಕೂ ದುಡ್ಡು ಕಟ್ಟುವುದು ಬೇಡ ಅಂದೆ. ಅವರು ಬಿಡದೆ ನೋಡುವುದು ಎರಡು ಧಾರಾವಾಹಿ, ಎರಡೂ ಒಂದೇ ಕಡೆ. ಆ ಒಂದಕ್ಕೆ ಚಂದಾ ಕಟ್ಟಿದೆವು. ಬೆಳಿಗ್ಗೆ ಆರಕ್ಕೆ ಎದ್ದು ಒಲೆಗೆ ಬೆಂಕಿ ಹಾಕಿದ ಮೇಲೆ, ನಿನ್ನೆಯ ಕಂತನ್ನು ಡೌನ್‌ಲೋಡ್‌ಗೆ ಒತ್ತುತ್ತಾರೆ. ಆ ಹೊತ್ತಿಗೆ ಟವರ್ ಖಾಲಿ. ತಿಂಡಿ ಆಗುವಷ್ಟರಲ್ಲಿ ಇಳಿದಿರುತ್ತದೆ. ಲೈವ್ ಆಗಿ ನೋಡಲೇಬೇಕಾದ್ದು ಯಾವುದು, ಅಲ್ಲದ್ದು ಯಾವುದು ಅಂತ ಬೇರೆ ಮಾಡಿದ್ದರಿಂದ ಸಂಜೆಯ ಧಾರೆ ದೊಡ್ಡಪ್ಪನಿಗೆ ಪೂರ್ತಿ ಸಿಕ್ಕಿತು.

ಕ್ರಿಕೆಟ್ ವಿಷಯದಲ್ಲಿ ಅವರಿಗೆ ಒಂದು ಸಂಶಯ ಇತ್ತು. ‘ಭಾರತದ ಮ್ಯಾಚ್ ಡಿಡಿ ಸ್ಪೋರ್ಟ್ಸ್‌ನಲ್ಲಿ ಪುಕ್ಕಟೆ ಬರ್ತಿತ್ತಲ್ಲ. ಫೋನಲ್ಲಿ ಡಿಡಿಯವರದ್ದೇ ಆ್ಯಪ್ ಇದೆ, ಅದರಲ್ಲಿ ಯಾಕಿಲ್ಲ?’ ಕಾರಣ ಕಾನೂನಿನಲ್ಲಿದೆ. 2007ರ ಕಾಯ್ದೆ ಪ್ರಕಾರ ರಾಷ್ಟ್ರೀಯ ಮಹತ್ವದ ಕ್ರೀಡೆಗಳ ಪ್ರಸಾರವನ್ನು ಖಾಸಗಿ ಚಾನೆಲ್‌ನವರು ಪ್ರಸಾರ ಭಾರತಿ ಜತೆ ಹಂಚಿಕೊಳ್ಳಬೇಕು. ಆದರೆ ಅದನ್ನು ದೂರದರ್ಶನ ತನ್ನ ಭೂಮಿ ಮೇಲಿನ ಟ್ರಾನ್ಸ್‌ಮಿಟರ್ ಮತ್ತು ತನ್ನದೇ ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬೇಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆ ಹಂಚಿಕೆ ಮೊಬೈಲ್‌ಗೆ ಬರುವುದಿಲ್ಲ. ಹಾಗಾಗಿ ಮನೆಯ ಡಿಶ್ ಬಿಸಾಡಬೇಡಿ ಅಂದೆ. ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ. ಸುಟ್ಟ ಬಾಕ್ಸ್ ಜಾಗಕ್ಕೆ ಅದನ್ನೇ ಹಾಕಿಸಿದೆವು. ಬಿಸಿಲಿದ್ದ ದಿನ ಡಿಶ್, ಮಳೆ ಹಿಡಿದ ದಿನ ಫೋನ್.

ಜುಲೈ ಮಳೆ

ನಿಜವಾದ ಪರೀಕ್ಷೆ ಜುಲೈಯಲ್ಲಿ ಬಂತು. ಒಮ್ಮೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಮಿನಿ ಯುಪಿಎಸ್ ಮೂರು ತಾಸು ಎಳೆಯಿತು. ಆದರೆ ಮೊದಲ ರಾತ್ರಿ ಒಂಬತ್ತರ ಹೊತ್ತಿಗೆ ಸಿಗ್ನಲ್ಲೇ ಹೋಯಿತು. ಟವರ್‌ನ ಬ್ಯಾಟರಿಯೂ ಮುಗಿದಿತ್ತು. ಮನೆಯೊಳಗೆ ನಾವು ಏನು ಮಾಡಿದರೂ ಟವರ್‌ಗೆ ಕರೆಂಟ್ ಇಲ್ಲದಿದ್ದರೆ ಮುಗಿಯಿತು. ಇದು ಟಿವಿಗಿಂತ ದೊಡ್ಡ ವಿಷಯ. ಅಂಥ ರಾತ್ರಿ ಹಿರಿಯರಿಗೆ ಎದೆನೋವು ಬಂದರೆ ಫೋನ್ ಮಾಡುವುದು ಹೇಗೆ? ಊರಿನ ಹತ್ತು ಮನೆಯವರ ಸಹಿ ಹಾಕಿಸಿ ಕಂಪನಿಗೆ, ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ. ಬ್ಯಾಟರಿ ಬದಲಿಸಿ, ಜನರೇಟರ್ ಇಡಿ ಅಂತ. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಬಿಡುವುದಿಲ್ಲ, ಮತ್ತೆ ಕೊಡುತ್ತೇವೆ.

ಅಂಥ ದಿನಗಳಿಗೆ ಅಂತ ಹಳೇ ಬ್ಯಾಟರಿ ರೇಡಿಯೋ ಸರಿ ಮಾಡಿಕೊಟ್ಟು ಬಂದೆ.

ದಸರಾ

ಸೆಪ್ಟೆಂಬರ್ 22ಕ್ಕೆ ಬಾನು ಮುಷ್ತಾಕ್ ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದಾಗ ದೊಡ್ಡಪ್ಪ ಪೂರ್ತಿ ನೋಡಿದರಂತೆ. ನನಗೆ ಫೋನ್ ಬರಲಿಲ್ಲ. ಬರದಿದ್ದದ್ದು ನನಗೆ ಖುಷಿ. ಅಷ್ಟು ದಿನ ಏನೇ ನೋಡಬೇಕಾದರೂ ‘ಇದು ಹೇಗೆ ಒತ್ತೋದು’ ಅಂತ ಯಾರನ್ನಾದರೂ ಕೇಳಬೇಕಿತ್ತು. ಅವರಿಗೆ ಅದೇ ದೊಡ್ಡ ಸಂಕೋಚ.

ಅಕ್ಟೋಬರ್ 2ರ ಜಂಬೂ ಸವಾರಿ ದಿನ ನಾನೇ ಫೋನ್ ಮಾಡಿದೆ, ರಾತ್ರಿ.

‘ನೋಡಿದ್ರಾ ದೊಡ್ಡಪ್ಪ?’

‘ನೋಡ್ದೆ ಮಾರಾಯ. 750 ಕೆಜಿ ಅಂಬಾರಿ ಹೊತ್ಕೊಂಡು ಅಭಿಮನ್ಯು ಎಷ್ಟು ಗಂಭೀರ ನಡೆದ! ತೋಟದಾಚೆ ಮನೆಯವ್ರೂ ಇಲ್ಲಿಗೇ ಬಂದಿದ್ರು, ಅವರ ಡಿಶ್ ಕೈಕೊಟ್ಟಿತ್ತು. ಒಂದು ನಿಮಿಷ ಪಾಸ್ ಹಾಕಿ ಇಟ್ಟೆ. ಅವ್ರಿಗೂ ಹೇಳಿಕೊಟ್ಟೆ.’

‘ಎಲ್ಲಾದ್ರೂ ನಿಂತ್ತಾ?’

‘ನಿಲ್ಲಲಿಲ್ಲ. ಹಾಂ, ಒಂದು ಕೆಲ್ಸ ಇದೆ. ಮುಂದಿನ ಸಲ ಬರೋವಾಗ ಒಂದು ಹಲಗೆ ತಾ. ಅಟ್ಟದ ಕಿಟಕೀಲಿ ರೌಟರ್ ಮೇಲೆ ಮಳೆ ಎರಚಲು ಹೊಡೀತದೆ.’